ಕೂಲರಿನ ನೀರು, ಡಬ್ಬಿಯ ಸುಣ್ಣ

ನಾಗಪುರದ ಧರಮಪೇಠದಲ್ಲಿ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ, ನೀರಿನ ಡ್ರಮ್ಮಿಗೆ ಬೆನ್ನು ಹಾಕಿ ನಾನು ನಿಂತಿದ್ದೆ. ಎಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು, ಭಾನುವಾರ ಬೆಳಿಗ್ಗೆ. ನಲ್ಲಿ ಆಗಲೇ ನಿಂತಿತ್ತು. ಡ್ರಮ್ಮಿನಲ್ಲಿದ್ದದ್ದು ಮಧ್ಯಾಹ್ನ ಅಂಗಳದ ಸುತ್ತಲಿನ ಮೂರೂ ಮನೆಗಳ ಏರ್ ಕೂಲರಿಗೆ ಹಾಕಬೇಕಾದ ನೀರು. ಅದನ್ನು ಬೇರೆ ಯಾವುದಕ್ಕೂ ಯಾರೂ ಮುಟ್ಟುತ್ತಿರಲಿಲ್ಲ.

ಪಕ್ಕದ ಮನೆಯವರು ನನ್ನಂತೆಯೇ ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು, ರೈಲ್ವೆ ಕಚೇರಿಯಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದರು. ಅಂದು ಅವರು ಅಂಗಳದಲ್ಲಿ ಸ್ಕೂಟರಿನ ಹೊಸ ಬ್ಯಾಟರಿಗೆ ಆಸಿಡ್ ತುಂಬುವಾಗ ಬಾಟಲಿ ಜಾರಿತು. ಬಲಗೈ ಮೊಣಕೈವರೆಗೆ ತೊಯ್ದಿತು. ನಕ್ಷೆ ಬರೆಯುವ ಕೈ ಅದೇ.

ಮೂರನೆಯ ಮನೆಯ ರೈಲ್ವೆ ಗಾರ್ಡ್ ಕಟ್ಟೆಯ ಮೇಲೆ ಕೂತು ಅಡಿಕೆ, ತಂಬಾಕು, ಸುಣ್ಣ ಸೇರಿಸಿ ಖರ್ರಾ ತಿಕ್ಕುತ್ತಿದ್ದರು. ನಾಗಪುರಕ್ಕೆ ಬಂದ ಮೇಲೆ ಅವರಿಗೆ ಅಂಟಿದ ಚಟ. ಸುಣ್ಣದ ಡಬ್ಬಿ ಹಿಡಿದುಕೊಂಡೇ ಓಡಿಬಂದರು.

“ಆಸಿಡ್ಡಿಗೆ ಸುಣ್ಣಾನ ಬರೋಬರ್. ಎರಡೂ ಕೂಡಿದ್ರ ಉಪ್ಪು, ನೀರು. ಸಾಲ್ಯಾಗ ಕಲ್ತೀನಿ.”

ನನಗೂ ಸರಿಯೆನ್ನಿಸಿತು. ಅಷ್ಟರಲ್ಲಿ ನನ್ನ ಹೆಂಡತಿ ಹೊರಗೆ ಬಂದಳು. ಅವಳು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಗಾರ್ಡ್ ಅವರ ಕೈಯನ್ನು ಪಕ್ಕಕ್ಕೆ ಸರಿಸಿ, ಡ್ರಮ್ಮಿನ ನೀರನ್ನು ತಂಬಿಗೆ ತಂಬಿಗೆಯಾಗಿ ಆಸಿಡ್ ಬಿದ್ದ ಕೈಮೇಲೆ ಸುರಿಯತೊಡಗಿದಳು.

“ವೈನಿ, ಕೂಲರಿನ ನೀರ್ರಿ ಅದು,” ಎಂದರು ಗಾರ್ಡ್.

“ಇವತ್ತ ಎಲ್ಲಾರೂ ಬೆವರ್ರಿ.”

“ಉರಿ ಕಡಿಮಿ ಆತು, ಸಾಕ್ರಿ,” ಎಂದರು ನಕ್ಷೆಯವರು. ಅವಳು ನಿಲ್ಲಿಸಲಿಲ್ಲ. ಡ್ರಮ್ಮಿನ ತಳ ಕಂಡ ಮೇಲೆ ನಾನು ಅವರನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ದೆ. ಕೈ ಕೆಂಪಾಗಿದೆಯಷ್ಟೇ, ಚರ್ಮ ಸುಟ್ಟಿಲ್ಲ ಎಂದರು ಡಾಕ್ಟರು.

ನಾವು ಹಿಂತಿರುಗಿದಾಗ ಗಾರ್ಡ್ ಮುಖ ಸಣ್ಣದು ಮಾಡಿಕೊಂಡು ಅಲ್ಲೇ ಕೂತಿದ್ದರು. ಹೆಂಡತಿ ಗಾಜಿನ ಶೀಶೆಯೊಂದಕ್ಕೆ ಉಳಿದ ಆಸಿಡ್ ಸ್ವಲ್ಪ ಹಾಕಿ, ಅವರ ಸುಣ್ಣವನ್ನು ಕಡ್ಡಿಯಿಂದ ಚೂರುಚೂರೇ ಸೇರಿಸಿದಳು.

“ಹೊರಗಿಂದ ಮುಟ್ಟಿ ನೋಡ್ರಿ, ಅಣ್ಣಾರ.”

ಅವರು ಮುಟ್ಟಿ ಬೆರಳು ಹಿಂದಕ್ಕೆಳೆದರು. “ಸುಡಾಕತ್ತೈತಲ್ರಿ.”

“ನೀವು ಹೇಳಿದ್ದು ಖರೇನ ಐತಿ. ಎರಡೂ ಕೂಡಿ ಉಪ್ಪು, ನೀರು ಆಗತಾವು, ಆದ್ರ ಕೂಡೂವಾಗ ಶಾಖ ಬಿಡತಾವು. ಆ ಶಾಖ ಶೀಶೆದಾಗ ಇರಲಿ, ಇವರ ಕೈಮ್ಯಾಲ ಬ್ಯಾಡ.”

ನಾನೂ ಆ ಸಮೀಕರಣವನ್ನು ಬಾಯಿಪಾಠ ಮಾಡಿ ಪಾಸಾದವನೇ. ಅದರಲ್ಲಿ ಶಾಖವೂ ಇದೆಯೆಂದು ತಿಳಿದದ್ದು ಆ ದಿನ. ಇವಳು ನನ್ನ ಹೆಂಡತಿ ಎಂಬ ಹೆಮ್ಮೆಯಿಂದ ಅಂದು ಸಂಜೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಇದನ್ನು ಹೇಳಿದೆ.

ನಕ್ಷೆಯವರು ಅದೇ ಕೈಯಲ್ಲಿ ನಿವೃತ್ತಿಯವರೆಗೂ ಸೇತುವೆಗಳನ್ನು ಬರೆದರು. ಈಗ ಅವರಿಲ್ಲ. ಅಂದು ಅಂಗಳದಲ್ಲಿ ಇದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಉಳಿದಿರುವವರು ಇಬ್ಬರು: ನನ್ನ ಹೆಂಡತಿ, ಮತ್ತು ನಾಗಪುರದ ಹತ್ತಿರದ ಕಾಮಠಿಯಲ್ಲಿ ಮಗಳ ಮನೆಯಲ್ಲಿರುವ ಆ ಗಾರ್ಡ್.