ನಮಿತಾ ಎತ್ತಿಕೊಳ್ಳದ ಮಗು

ನಮಿತಾ ಮೊದಲ ಸಲ ಮಲಾಡಿನ ನಮ್ಮ ಮನೆಗೆ ಬಂದಾಗ ನನಗೆ ಬಂದದ್ದು ಕೋಪವೇ. ಹಸುಗೂಸುಗಳ ಮನಸ್ಸು ನೋಡುವವಳಂತೆ! ಹಲ್ಲು ಬಾರದ ಮಗುವಿಗೆ ಎಂತ ಮನಸ್ಸು, ಎಂತ ಚಿಂತೆ ಮಾರಾಯ್ರೆ? ಮೂರು ಹೆತ್ತವಳು ನಾನು, ನನಗೆ ಗೊತ್ತಿಲ್ಲವಾ?

ಆಗ ನನ್ನ ಮೊಮ್ಮಗಳು ಯಕ್ಷಿತಾಳಿಗೆ ಎಂಟು ತಿಂಗಳು. ಅಳುತ್ತಲೇ ಇರಲಿಲ್ಲ. ಮಲಗಿಸಿದಲ್ಲಿ ಮಲಗುವುದು, ಫ್ಯಾನ್ ನೋಡುವುದು. "ಎಷ್ಟು ಪಾಪದ ಮಗು ರಾಜೀವಕ್ಕ, ಒಂಚೂರು ರಗಳೆ ಇಲ್ಲ, ಪುಣ್ಯ ಮಾಡಿದ್ದೀರಿ" ಅಂತ ಬಿಲ್ಡಿಂಗಿನವರು ಹೊಗಳಿದ್ದೇ ಹೊಗಳಿದ್ದು, ನಾನು ಉಬ್ಬಿದ್ದೇ ಉಬ್ಬಿದ್ದು. ಸೊಸೆ ಲಾವಣ್ಯಾ ಮಾತ್ರ ಹೆತ್ತಂದಿನಿಂದ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಎದ್ದದ್ದೇ ಕಮ್ಮಿ. ಬಾಟ್ಲಿಯನ್ನು ಮಗುವಿನ ಬಾಯಿಗೆ ಇಡುವಾಗಲೂ ಅದರ ಮುಖ ನೋಡುತ್ತಿರಲಿಲ್ಲ. ನಾನು ತೀರ್ಮಾನ ಮಾಡಿ ಆಗಿತ್ತು: ಮಗುವನ್ನು ಉಡುಪಿಗೆ ಕರಕೊಂಡು ಹೋಗಿ ನಾನೇ ಸಾಕುವುದು. ಮುಂಬಯಿಯಲ್ಲಿ ಹೋಟೆಲ್ ಇಟ್ಟ ನಮ್ಮೂರಿನವರ ಮಕ್ಕಳು ಎಷ್ಟೋ ಜನ ಹಾಗೆಯೇ ಊರಿನಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದದ್ದು. ಶಾಲೆಗೆ ಸೇರಿಸುವಾಗ ಮುಂಬಯಿಗೆ ತಂದರಾಯ್ತು.

ಅಷ್ಟರಲ್ಲಿ ಮಕ್ಕಳ ಡಾಕ್ಟರು, "ಇದು ಪಾಪ ಅಲ್ಲ ಅಮ್ಮಾ, ಕರೆದರೆ ಯಾರೂ ಬರುವುದಿಲ್ಲ ಅಂತ ಮಗು ಕರೆಯುವುದನ್ನೇ ಬಿಟ್ಟಿದೆ" ಅಂತ ಹೇಳಿ ಈ ನಮಿತಾಳನ್ನು ಕಳಿಸಿದರು. "ಈಗ ಬೇರೆ ಮಾಡಿದರೆ ಇಬ್ಬರೂ ಕೈ ತಪ್ಪಿ ಹೋಗುತ್ತಾರೆ. ಸ್ವಲ್ಪ ಸಮಯ ಕೊಡಿ" ಅಂದಳು ನಮಿತಾ. ಮಳೆಗಾಲ ಮುಗಿಯುವ ತನಕ ಅಂತ ಒಪ್ಪಿದೆ.

ಗುರುವಾರ ಗುರುವಾರ ಸಯನಿನಿಂದ ರೈಲು ಹಿಡಿದು ಬರುವುದು, ನೆಲದ ಮೇಲೆ ಕೂತುಕೊಳ್ಳುವುದು. ಅದೇ ಕೆಲಸ! ಲಾವಣ್ಯಾಳ ಮಾತ್ರೆಗೆ ಬೇರೆ ಡಾಕ್ಟರು. ಇವಳು ಮಗುವಿನ ದನಿಯಲ್ಲಿ ತಾನೇ ಮಾತಾಡುವುದು: "ಅಮ್ಮಾ, ನಿನ್ನ ಬಳೆ ಚಂದ ಉಂಟು, ಒಮ್ಮೆ ಆಡಿಸು." ಅಡುಗೆಮನೆಯಲ್ಲಿ ನನಗೆ ನಗು. ಆದರೆ ಯಕ್ಷಿತಾ ನಕ್ಕಳು. ಅಂಬೆಗಾಲಿಟ್ಟು ಬಂದಳು. ಯಾರ ಹತ್ತಿರ ಬಂದದ್ದು? ನಮಿತಾಳ ಹತ್ತಿರ!

ಒಂದು ದಿನ ಮಗು ಟೀಪಾಯಿಗೆ ಹಣೆ ಬಡಿದುಕೊಂಡು ಬೊಬ್ಬೆ ಹಾಕಿತು. ಸೀದಾ ನಮಿತಾಳ ಮುಂದೆ ಹೋಗಿ ಎರಡೂ ಕೈ ಎತ್ತಿತು. ಅವಳು ಎತ್ತಿಕೊಳ್ಳಲಿಲ್ಲ. ತನ್ನ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು, "ಅಮ್ಮ ಅಲ್ಲಿದ್ದಾರೆ ನೋಡು, ಅಮ್ಮನಿಗೆ ಹೇಳು" ಅಂದಳು.

"ನೀನು ಹೆಣ್ಣಾ, ಕಲ್ಲಾ?" ಅಂತ ಬೈದು ನಾನು ಓಡಿದರೆ ನನ್ನ ಸೆರಗು ಹಿಡಿದಳು! "ನೀವೂ ಬೇಡ ರಾಜೀವಕ್ಕ, ದಮ್ಮಯ್ಯ." ಹಿಡಿದ ಸೆರಗು ಬಿಡಲೇ ಇಲ್ಲ. ಮಗು ಅತ್ತಿತು, ಅತ್ತಿತು. ಕೊನೆಗೆ ಲಾವಣ್ಯಾ ಮಂಚದಿಂದ ಇಳಿದು ಬಂದು, ಎತ್ತಿಕೊಂಡು, ಹಣೆಗೆ ಊದಿದಳು. ತಾಯಿ ಮಗಳು ಇಬ್ಬರೂ ಸೇರಿ ಅತ್ತರು. ಮಗುವನ್ನು ಊರಿಗೆ ಕರಕೊಂಡು ಹೋಗುವ ಮಾತನ್ನು ಮತ್ತೆ ನಾನು ತೆಗೆಯಲಿಲ್ಲ.

ಅವತ್ತು ಸ್ಟೇಷನ್ ತನಕ ನಮಿತಾಳ ಜೊತೆಗೆ ಹೋದೆ. "ನಾನು ಎತ್ತಿಕೊಂಡಿದ್ದರೆ ಮಗು ನನ್ನನ್ನೇ ಹಚ್ಚಿಕೊಳ್ಳುತ್ತಿತ್ತು. ಗುರುವಾರ ಮಾತ್ರ ಬರುವ ತಾಯಿ ಯಾರಿಗೆ ಬೇಕು?" ಅಂದಳು.

"ಮನೆಯಲ್ಲಿ ಯಾರುಂಟು ನಿನಗೆ?"

"ಯಾರೂ ಇಲ್ಲ. ಮನೆ ಮನೆಯ ಅಳು ಕೇಳಿ ಹೋಗುತ್ತೇನೆ, ಯಾರ ಹತ್ತಿರವೂ ಹೇಳುವ ಹಾಗಿಲ್ಲ. ಮಕ್ಕಳಿಗೆ ಈ ವಯಸ್ಸಿನದ್ದು ನೆನಪಿರುವುದಿಲ್ಲ. ತಾಯಂದಿರಿಗೆ ನೆನಪೇ ಬೇಡ." ಹೇಳಿ ನಕ್ಕಳು.

ಕಳೆದ ತಿಂಗಳು ಬಾಂದ್ರಾದಲ್ಲಿ ನಮ್ಮವರ ಒಂದು ಮದುವೆ. ಹುಡುಗಿಯ ಕಡೆಯಿಂದ ನಮಿತಾ ಕೂಡ ಬಂದಿದ್ದಳು. ಯಕ್ಷಿತಾಳಿಗೆ ಈಗ ನಾಲ್ಕು ವರ್ಷ, ತಾಯಿಯ ಬಾಲ. ಲಾವಣ್ಯಾ ನಮಿತಾಳನ್ನು ಕಂಡವಳೇ ಮುಖ ತಿರುಗಿಸಿ ಆಚೆ ಪಂಕ್ತಿಗೆ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು.

"ಉಪಕಾರ ಸ್ಮರಣೆ ಬೇಡವಾ ಇವಳಿಗೆ? ನಿಲ್ಲು, ಕರೆಯುತ್ತೇನೆ" ಅಂದೆ.

"ಬೇಡ ರಾಜೀವಕ್ಕ. ನನ್ನ ಮುಖ ಕಂಡರೆ ಅವರಿಗೆ ಆ ದಿನಗಳೇ ಕಾಣುವುದು."

ನಮಿತಾ ಸಾಲಿನ ಕೊನೆಯಲ್ಲಿ ಒಬ್ಬಳೇ ಕೂತಿದ್ದಳು. ನಾನು ಪಕ್ಕದ ಎಲೆಗೆ ಕೂತೆ. ಆಗ ಯಕ್ಷಿತಾ ನನ್ನನ್ನು ಹುಡುಕಿಕೊಂಡು ಓಡಿ ಬಂದು, ನಮಿತಾಳನ್ನೇ ನೋಡುತ್ತ, "ಅಜ್ಜೀ, ಯೇ ಆಂಟಿ ಕೌನ್ ಹೈ?" ಅಂತ ಹಿಂದಿಯಲ್ಲಿ ಅವಳು ಯಾರು ಅಂತ ಕೇಳಿತು.

ನಾನು ಬಾಯಿ ತೆರೆಯುವ ಮೊದಲೇ ನಮಿತಾ, "ಕೋಯಿ ನಹೀ, ಬೇಟಾ. ಮಮ್ಮಿ ಕೇ ಪಾಸ್ ಜಾವೊ" ಅಂದಳು. ಯಾರೂ ಅಲ್ಲವಂತೆ, ಅಮ್ಮನ ಹತ್ತಿರ ಹೋಗಬೇಕಂತೆ!

ಮಗು "ಮಮ್ಮೀ" ಅಂತ ಕೂಗುತ್ತ ಓಡಿತು. ಅದು ಲಾವಣ್ಯಾಳ ಮಡಿಲು ಸೇರುವ ತನಕ ನಮಿತಾ ನೋಡಿದಳು. ಮತ್ತೆ ತಲೆ ತಗ್ಗಿಸಿ ಅನ್ನ ಕಲಸಲು ಶುರು ಮಾಡಿದಳು.