ಬಲಗೈಗೆ ಎರಡು ಬಟನ್

ನಾನು ನಿವೃತ್ತಳಾದ ಮೇಲೆ ನಮ್ಮ ನೆಂಟರಿಗೆಲ್ಲ ಒಂದು ಹುಚ್ಚು ನಂಬಿಕೆ ಹತ್ತಿದೆ. ಏನೇ ಕೆಟ್ಟರೂ ನನಗೊಂದು ಫೋನ್ ಮಾಡಿದರೆ ಸಾಕು, ಸರಿಹೋಗುತ್ತದೆ ಎಂದು. ಅಹಮದಾಬಾದಿನ ಒಂದು ಕೇಂದ್ರ ಸಂಸ್ಥೆಯ ಪ್ರಯೋಗಾಲಯದಲ್ಲಿ ವಾಲ್ವುಗಳನ್ನು ಪರೀಕ್ಷಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಮಿಕ್ಸಿಗೂ ಗೀಸರಿಗೂ ನನಗೂ ಏನು ಸಂಬಂಧ? ಹಾಗೆಂದು ಸಿಡುಕುತ್ತೇನೆ, ಆಮೇಲೆ ಸ್ಕ್ರೂಡ್ರೈವರ್ ಹಿಡಿದುಕೊಂಡು ಹೋಗಿಯೂ ಹೋಗುತ್ತೇನೆ. ಆದರೆ ಒಂದು ಸಲ ಅಹಮದಾಬಾದಿನ ವಸ್ತ್ರಾಪುರದ ನಮ್ಮ ಮನೆಗೆ ಫೋನ್ ಮಾಡಿದವರು ನನ್ನ ಬೀಗಿತ್ತಿ, ಅಂದರೆ ಸೊಸೆಯ ತಾಯಿ. ಅವರ ಮೇಲೆ ಸಿಡುಕುವ ಹಾಗಿಲ್ಲ.

ಬೀಗಿತ್ತಿಯ ಊರು ವಡೋದರಾದ ಹೊರಗೆ. ಬೀಗರಿಗೆ ಸೂರತ್ತಿನ ಉಧ್ನಾದಲ್ಲಿ ಬಣ್ಣದ ಮಿಲ್ಲಿನ ಕೆಲಸ, ಭಾನುವಾರ ಮಾತ್ರ ಊರಿಗೆ ಬರುತ್ತಾರೆ. ಹೊಲ, ಎಮ್ಮೆ, ಟ್ರ್ಯಾಕ್ಟರ್ ಎಲ್ಲವೂ ಬೀಗಿತ್ತಿಯದೇ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವರು ಟ್ರ್ಯಾಕ್ಟರ್ ಹತ್ತಿದರೆ ಊರಿನ ಗಂಡಸರೂ ದಾರಿ ಬಿಡುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಕಾಲುವೆಯ ದಂಡೆಯ ಮೇಲೆ ಜಾರಿಬಿದ್ದು ಬಲಭುಜ ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು, ಆದರೆ ಕೈ ಸೊಂಟದ ಮಟ್ಟಕ್ಕಿಂತ ಮೇಲೆ ಬರುತ್ತಿರಲಿಲ್ಲ. ಬೆರಳುಗಳು ಆಡುತ್ತಿದ್ದವು, ತೋಳಿನಲ್ಲಿ ಬಲವಿರಲಿಲ್ಲ.

“ವೇವಾಣ್,” ಎಂದರು ಫೋನಿನಲ್ಲಿ. ಬೀಗಿತ್ತಿಯನ್ನು ಗುಜರಾತಿಯಲ್ಲಿ ಹಾಗೆಯೇ ಕರೆಯುವುದು. “ಕಲ್ಟಿವೇಟರ್ ಎತ್ತೋ ಲಿವರ್ ಸೀಟಿನ ಬಲಕ್ಕಿದೆ. ನನ್ನಿಂದ ಎಳೆಯೋಕಾಗಲ್ಲ. ದಸರಾ ಆದ ಮೇಲೆ ಟ್ರ್ಯಾಕ್ಟರ್ ಮಾರಿಬಿಟ್ಟು ಹೊಲ ಪಾಲಿಗೆ ಹಾಕೋಣ ಅಂತಿದ್ದಾನೆ ಮೈದುನ. ಬೀಗದಕೈಯನ್ನೂ ಅವನೇ ಇಟ್ಕೊಂಡಿದ್ದಾನೆ. ನೀವು ರಾಕೆಟ್ಟಿನವರಲ್ವಾ, ಏನಾದರೂ ಮಾಡಿ.”

ರಾಕೆಟ್ಟಿಗೂ ನನಗೂ ಇರುವ ದೂರ ಎಷ್ಟೆಂದು ಎಷ್ಟು ಸಲ ಹೇಳಿದ್ದರೂ ಕೇಳುವವರಲ್ಲ. ಆದರೆ ಆ ಬೀಗದಕೈಯ ಮಾತಿಗೆ ನಾನು ಹೂಂ ಅಂದುಬಿಟ್ಟೆ. ಅದು ಅವರ ಅಡುಗೆಮನೆಯ ಬಾಗಿಲಿನ ಮೊಳೆಗೆ ತೂಗುತ್ತಿದ್ದುದನ್ನು ನಾನೇ ನೋಡಿದ್ದೆ. ಮೈದುನ ಕೆಟ್ಟವರೇನಲ್ಲ. ಆರಡಿಯ ಆಳು, ಅತ್ತಿಗೆ ಎಂದರೆ ಭಕ್ತಿ. ಒಂದೇ ಕೈಯಲ್ಲಿ ಟ್ರ್ಯಾಕ್ಟರ್ ಓಡಿಸಲು ಹೋಗಿ ಅತ್ತಿಗೆ ಮತ್ತೆಲ್ಲಿ ಬೀಳುತ್ತಾರೋ ಎಂಬ ಭಯ ಅವರಿಗೆ. ಭಯ ಇದ್ದರೆ ಇರಲಿ, ಬೀಗದಕೈ ಯಾಕೆ ಜೇಬಿಗೆ ಹೋಗಬೇಕು?

ನಾನು ಆಲೋಚಿಸಿದ್ದು ಇಷ್ಟೇ. ಲಿವರ್ ಎಳೆದಾಗ ಆಗುವುದೇನು? ಪಂಪಿನಿಂದ ಬರುವ ಎಣ್ಣೆ ಸಿಲಿಂಡರಿಗೆ ನುಗ್ಗಿ ಹಿಂದಿನ ಕಲ್ಟಿವೇಟರನ್ನು, ಅಂದರೆ ನೆಲ ಕೆದಕುವ ಹಲ್ಲುಗಳ ಚೌಕಟ್ಟನ್ನು, ಎತ್ತುತ್ತದೆ. ಆ ಎಣ್ಣೆಯ ದಾರಿಯನ್ನು ಕೈಯ ಬದಲು ಕರೆಂಟು ತೆರೆದರಾಯಿತು. ತಂತಿ ಸುತ್ತಿದ ಒಂದು ಕಾಯಿಲ್, ಅದು ಎಳೆಯುವ ಒಂದು ಪುಟ್ಟ ಸಲಾಕೆ, ಬ್ಯಾಟರಿಯ ಕರೆಂಟು, ಎರಡು ಬಟನ್. ಒಂದು ಒತ್ತಿದರೆ ಏಳಬೇಕು, ಇನ್ನೊಂದು ಒತ್ತಿದರೆ ಇಳಿಯಬೇಕು, ಕೈಬಿಟ್ಟರೆ ಇದ್ದಲ್ಲೇ ನಿಲ್ಲಬೇಕು.

ವಡೋದರಾದ ಕೈಗಾರಿಕಾ ವಸಾಹತಿನ ಅಂಗಡಿಯಲ್ಲಿ ಒಂದು ಜಗಳ ಆಡಿಯೇ ಅಂಥ ಕರೆಂಟಿನ ವಾಲ್ವು ತಂದೆ. ಬಟನ್ ಬಿಟ್ಟಾಗ ಪಂಪಿನ ಎಣ್ಣೆಗೆ ದಾರಿಯನ್ನೇ ಮುಚ್ಚುವಂಥದ್ದನ್ನು ಅಂಗಡಿಯವ ನನಗೆ ಕಟ್ಟಲು ನೋಡಿದ್ದ. ಈ ಟ್ರ್ಯಾಕ್ಟರಿನ ಪಂಪು ಇಂಜಿನ್ ತಿರುಗುವಷ್ಟು ಹೊತ್ತೂ ಎಣ್ಣೆ ತಳ್ಳುತ್ತಲೇ ಇರುತ್ತದೆ. ದಾರಿ ಮುಚ್ಚಿದರೆ ಎಣ್ಣೆ ಕಾದು ಕೊತಕೊತ ಎನ್ನುತ್ತದೆ, ಪಂಪು ಚೀರಾಡುತ್ತದೆ. ಬಟನ್ ಬಿಟ್ಟಾಗ ಎಣ್ಣೆಯನ್ನು ಟ್ಯಾಂಕಿಗೇ ವಾಪಸು ಬಿಡುವಂಥದ್ದು ನನಗೆ ಬೇಕಿತ್ತು. “ಎಲ್ಲಾ ಒಂದೇ, ಬೆನ್,” ಎಂದ, ಅಕ್ಕಾ ಎನ್ನುವ ಹಾಗೆ. “ಎಲ್ಲಾ ಒಂದೇ ಆದ್ರೆ ನಾ ಹೇಳಿದ್ದನ್ನೇ ಕೊಡಪ್ಪಾ,” ಎಂದೆ.

ನವರಾತ್ರಿಯ ಕೊನೆಯ ದಿನಗಳಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿ ಬೀಡುಬಿಟ್ಟೆವು. ಕಲ್ಟಿವೇಟರನ್ನು ಪೂರ್ತಿ ನೆಲಕ್ಕಿಳಿಸಿ, ಇಂಜಿನ್ ಆರಿಸಿ, ಒತ್ತಡ ತೆಗೆದ ಮೇಲೆಯೇ ಪೈಪಿಗೆ ಸ್ಪ್ಯಾನರ್ ಹಾಕಿದೆ. ಬಿಚ್ಚಿದ ಪ್ರತಿಯೊಂದು ಬಾಯಿಗೂ ಶುದ್ಧವಾದ ಮುಚ್ಚಳ. ಒಳಗೆ ಒಂದು ಕಾಳು ಮಣ್ಣು ಹೋದರೂ ಸಲಾಕೆ ಸಿಕ್ಕಿಕೊಳ್ಳುತ್ತದೆ. ಹಳೆಯ ಲಿವರನ್ನು ಕೀಳದೆ ಅಲ್ಲೇ ಬಿಟ್ಟೆ. ವಾಲ್ವಿಗೆ ಸೀಟಿನ ಹಿಂದೆ ಗಟ್ಟಿ ತಗಡಿನ ಪೀಠ, ತಂತಿಗೆ ಫ್ಯೂಸು, ಅದು ಉಜ್ಜದಂತೆ ಮೇಲೊಂದು ಕೊಳವೆ.

ಬಟನ್‌ಗಳನ್ನು ಎಡಗಡೆ ಕೂರಿಸಲು ಅಳತೆ ನೋಡುತ್ತಿದ್ದೆ. ಬೀಗಿತ್ತಿ ಬೇಡವೆಂದರು.

“ಎಡಗೈ ಸ್ಟೀರಿಂಗ್ ಹಿಡಿದಿರುತ್ತೆ. ಬಲಕ್ಕೆ ಹಾಕಿ. ಇಲ್ಲಿ, ತೊಡೆ ಹತ್ತಿರ. ಈ ಕೈಗೂ ಒಂದು ಕೆಲಸ ಬೇಡ್ವಾ ವೇವಾಣ್? ಬರೀ ಜೋತಾಡಿಸ್ಕೊಂಡು ಸಾಕಾಗಿದೆ.”

ಅಳತೆಪಟ್ಟಿ ಈಚೆಗೆ ತಂದು ಬಲಗಡೆಗೇ ತೂತು ಕೊರೆದೆ. ಮೊದಲ ಸಲ ಅವರ ತೋರುಬೆರಳು ಒತ್ತಿದಾಗ ಕಲ್ಟಿವೇಟರ್ ತಣ್ಣಗೆ ಮೇಲೆದ್ದಿತು. ಬೀಗಿತ್ತಿ ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಚಿಕ್ಕ ಹುಡುಗಿಯ ಹಾಗೆ ನಕ್ಕರು. ಮೈದುನ ದೂರದಲ್ಲಿ ಕೈಕಟ್ಟಿ ನಿಂತಿದ್ದವರು, “ನಿಂತಲ್ಲಿ ಏಳುತ್ತೆ ಭಾಭಿ. ನಾಳೆ ಹೊಲದಲ್ಲಿ ಎದ್ದರೆ ನೋಡೋಣ,” ಎಂದರು. ಮರುದಿನ ದಸರಾ. ಗೋಧಿಗೆ ಹೊಲ ಹಸನು ಮಾಡಲು ಆವತ್ತೇ ಮುಹೂರ್ತ. ಅಲ್ಲಿ ಕೈಕೊಟ್ಟರೆ ಟ್ರ್ಯಾಕ್ಟರ್ ಹೋಯಿತೆಂದೇ ಲೆಕ್ಕ.

ಇನ್ನು ನಮ್ಮ ಮನೆಯವರ ಪ್ರತಾಪ. ಬ್ಯಾಂಕಿನಲ್ಲಿದ್ದು ಊರೂರು ಸುತ್ತಿ ಗುಜರಾತಿಗೆ ಬಂದವರು, ಆದರೆ ಹುಬ್ಬಳ್ಳಿಯ ಖಂಡೇಪೂಜೆಯನ್ನು ಎಲ್ಲಿಯೂ ಬಿಟ್ಟವರಲ್ಲ. ಆಯುಧಪೂಜೆಗೆ ನಮ್ಮ ಕಡೆಯ ಹೆಸರು ಅದು. ಇಲ್ಲಿಯವರು ವಾಹನ ಪೂಜೆ ಮಾಡುವುದು ದಸರೆಯ ದಿನ, ನಾವು ಹಿಂದಿನ ದಿನ. ಆ ಸಂಜೆ ನಾನು ಸ್ನಾನಕ್ಕೆ ಹೋದಾಗ ಅವರು ಟ್ರ್ಯಾಕ್ಟರಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ, ತೆಂಗಿನಕಾಯಿ ಒಡೆದು ಮುಗಿಸಿದ್ದರು. ಹೊಸದಾಗಿ ಬಂದ ವಸ್ತುವಿಗೆ ವಿಶೇಷ ಪೂಜೆ ಸಲ್ಲಬೇಕಲ್ಲವೇ? ಅದೇನು ಮಾಡಿದ್ದರೆಂದು ಗೊತ್ತಾದದ್ದು ಮರುದಿನ.

ಮರುದಿನ ಬೆಳಿಗ್ಗೆ ಎಲ್ಲರೂ ಇಲ್ಲಿಯ ದಸರೆಯ ತಿಂಡಿ ಫಾಫ್ಡಾ ಜಲೇಬಿ ತಿಂದು ಹೊಲಕ್ಕೆ ಹೋದೆವು. ಮೈದುನ ಬೀಗದಕೈ ತಿರುಗಿಸಿ ಇಂಜಿನ್ ಚಾಲೂ ಮಾಡಿ ಕೆಳಗಿಳಿದರು. ಬೀಗಿತ್ತಿ ಹತ್ತಿ ಕುಳಿತು ಬಟನ್ ಒತ್ತಿದರು. ಇಂಜಿನ್ ಗುಡುಗುಡು ಎನ್ನುತ್ತಲೇ ಇತ್ತು, ಕಲ್ಟಿವೇಟರ್ ನೆಲ ಬಿಡಲಿಲ್ಲ. ಮತ್ತೆ ಒತ್ತಿದರು. ಊಹೂಂ. ಮೈದುನ ಮೇಲೆ ಹತ್ತಿ ಇಂಜಿನ್ ಆರಿಸಿ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡರು. ಗೆದ್ದ ಮುಖವಲ್ಲ ಅದು, ಪಾಪ, ನೊಂದ ಮುಖವೇ. ಬೀಗಿತ್ತಿ ಮಾತ್ರ ಸೀಟು ಬಿಟ್ಟು ಏಳಲಿಲ್ಲ.

ಫ್ಯೂಸು ಸುಟ್ಟಿತ್ತು. ಹೊಸದು ಹಾಕಿ, ಬೀಗದಕೈ ಕೇಳಿ ಪಡೆದು ಪರೀಕ್ಷಿಸಿದರೆ ಅದೂ ಸುಟ್ಟಿತು. ಕಾಯಿಲಿನ ತಲೆಯ ಮೇಲೆ ಕರೆಂಟಿನ ಪ್ಲಗ್ಗು ಕೂರುತ್ತದೆ, ಅದರಡಿಗೆ ನೀರು ಹೋಗದಂತೆ ರಬ್ಬರು. ಬಗ್ಗಿ ನೋಡಿದರೆ ಆ ಪ್ಲಗ್ಗು ಒಂದು ಕಡೆ ಓರೆ. ಅದನ್ನು ಎತ್ತಿ ನೋಡಿದೆ. ಒಳಗೆ ಒಂದು ಚೆಂಡುಹೂವಿನ ತೊಟ್ಟು, ಕುಂಕುಮದ ರಾಡಿ, ಜೊತೆಗೆ ಅಂಟಂಟು ನೀರು.

“ಏನ್ರೀ ಇದು?”

“ಹೂವು ನಿಲ್ಲವಲ್ದು ಅಂತ ಸ್ಕ್ರೂ ಸ್ವಲ್ಪ ಸಡಿಲ ಮಾಡಿ ಸಿಗಿಸೀನಿ,” ಎಂದರು ನಮ್ಮವರು, ಬಹಳ ಸಾವಕಾಶವಾಗಿ. “ಆಮ್ಯಾಲೆ ಕಾಯಿನೀರು ಪ್ರೋಕ್ಷಣಾ ಮಾಡೀನಿ.”

“ನಿಮ್ಮ ತಲಿ ನೆಟ್ಟಗೈತೇನ್ರೀ? ಕರೆಂಟಿಗೆ ಎಳನೀರು ಕುಡಿಸ್ತಾರೇನ್ರೀ ಯಾರರ?”

“ಪೂಜಾ ಮಾಡೀನವಾ, ಕಳವು ಮಾಡಿಲ್ಲ!”

ಕನ್ನಡ ಬಾರದಿದ್ದರೂ ಬೀಗಿತ್ತಿಗೆ ಎಲ್ಲ ಅರ್ಥವಾಗಿತ್ತು. ಸೀಟಿನ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದು ನಗತೊಡಗಿದರು. ನನ್ನ ಸಿಟ್ಟೂ ಅರ್ಧಕ್ಕೆ ಇಳಿಯಿತು. ಆದರೆ ರಿಪೇರಿಗೆ ನಾನು ಕೈ ಹಾಕಲಿಲ್ಲ. “ಇಳಿದು ಬನ್ನಿ ವೇವಾಣ್, ನೀವೇ ಮಾಡಿ. ನಾಳೆ ನಾನು ಅಹಮದಾಬಾದಿನಲ್ಲಿರ್ತೀನಿ,” ಎಂದೆ.

ಬ್ಯಾಟರಿಯ ತಂತಿ ತೆಗೆದದ್ದು ಅವರೇ. ಪ್ಲಗ್ಗಿನ ಕಡ್ಡಿಗಳನ್ನು ಹಳೆಯ ಸೀರೆಯ ಚೂರಿನಿಂದ ಒರೆಸಿ, ಬಿಸಿಲಿಗೆ ಒಣಗಿಸಿ, ರಬ್ಬರನ್ನು ಸರಿಯಾಗಿ ಕೂರಿಸಿ ಸ್ಕ್ರೂ ಬಿಗಿದು, ಇನ್ನೊಂದು ಫ್ಯೂಸು ಹಾಕಿ ತಂತಿ ಮತ್ತೆ ಜೋಡಿಸಿದ್ದೂ ಅವರೇ. ಎಡಗೈ ತಿರುಗಿಸಿತು, ಬಲಗೈ ಒತ್ತಿ ಹಿಡಿಯಿತು. ಕರೆಂಟು ಪೂರ್ತಿ ಕೈಕೊಟ್ಟರೆ ಕಾಯಿಲಿನ ತುದಿಯ ಪುಟ್ಟ ಗುಂಡಿಯನ್ನು ಒತ್ತಿ ಸಲಾಕೆಯನ್ನು ತಳ್ಳುವುದು ಹೇಗೆ, ಎಣ್ಣೆಯ ಫಿಲ್ಟರು ಯಾವಾಗ ಬದಲಿಸಬೇಕು, ಪೈಪಿನ ಕೂಡುಗಳಲ್ಲಿ ಜಿನುಗು ಇದೆಯೇ ಎಂದು ಬೆರಳಿನಿಂದಲ್ಲ, ರಟ್ಟಿನ ಚೂರಿನಿಂದಲೇ ಯಾಕೆ ನೋಡಬೇಕು (ಒತ್ತಡದ ಎಣ್ಣೆ ಚರ್ಮದೊಳಕ್ಕೇ ನುಗ್ಗುತ್ತದೆ), ಎಲ್ಲವನ್ನೂ ಹೇಳಿದೆ. ಈಗ ಅವರೇ ನನಗೆ ಪಾಠ ಹೇಳುತ್ತಾರೆ. ತೊಳೆಯುವಾಗ ವಾಲ್ವಿಗೆ ಖಾಖ್ರಾ ರೊಟ್ಟಿಯ ಪ್ಲಾಸ್ಟಿಕ್ ಚೀಲ ಕಟ್ಟುವುದು ಅವರದೇ ಉಪಾಯ.

ಮೈದುನ ನನ್ನಿಂದ ಬೀಗದಕೈ ವಾಪಸು ಪಡೆದು ಮತ್ತೆ ಇಂಜಿನ್ ಚಾಲೂ ಮಾಡಿದರು. ಈ ಸಲ ಬಟನ್ ಒತ್ತಿದ ಕೂಡಲೇ ಕಲ್ಟಿವೇಟರ್ ಎದ್ದಿತು, ಇನ್ನೊಂದನ್ನು ಒತ್ತಿದಾಗ ಇಳಿಯಿತು, ಮಣ್ಣು ಹಿಡಿಯಿತು. ಬೀಗಿತ್ತಿ ಹೊರಟೇಬಿಟ್ಟರು. ಮೈದುನ ಮೊದಲೆರಡು ಸಾಲು ಪಕ್ಕದಲ್ಲೇ ಓಡಿದರು, ಬಿದ್ದರೆ ಹಿಡಿಯಲು. ಆಮೇಲೆ ಏದುಸಿರು ಬಿಡುತ್ತ ಬದುವಿನ ಮೇಲೆ ಕುಳಿತರು. ಪ್ರತಿ ತಿರುವಿನಲ್ಲೂ ಕಲ್ಟಿವೇಟರ್ ಎದ್ದು, ತಿರುಗಿ, ಮತ್ತೆ ಇಳಿಯುವುದನ್ನು ನಾವೆಲ್ಲ ಬಾಯಿಬಿಟ್ಟು ನೋಡಿದೆವು. ನಮ್ಮವರು ಮಾತ್ರ, “ಪೂಜಾ ಫಲಿಸ್ತು ನೋಡು,” ಎಂದರು. ನಾನು ತಿರುಗಿ ನೋಡಿದ ನೋಟಕ್ಕೆ ಬದುವಿನ ಮೇಲೆ ಮೈದುನರ ಆಚೆ ಬದಿಗೆ ಹೋಗಿ ಕುಳಿತರು.

ಹೊಲ ಮುಗಿದು ಬೀಗಿತ್ತಿ ಕೆಳಗಿಳಿದಾಗ ಸೀರೆ ತುಂಬ ಧೂಳು. ಮೈದುನ ಎಂದಿನಂತೆ ಮೇಲೆ ಹತ್ತಿ, ಇಂಜಿನ್ ಆರಿಸಿ, ಬೀಗದಕೈ ಕಿತ್ತುಕೊಂಡು ಇಳಿದರು. ಕೈ ಜೇಬಿನವರೆಗೆ ಹೋಯಿತು. ಅಲ್ಲೇ ನಿಂತಿತು.

“ಭಾಭಿ, ತಗೊಳ್ಳಿ,” ಎಂದು ಚಾಚಿದರು.

ಬೀಗಿತ್ತಿಯ ಎಡಗೈ ಹತ್ತಿರದಲ್ಲೇ ಇತ್ತು. ಆದರೆ ಹಬ್ಬದ ದಿನ ಕೊಟ್ಟದ್ದನ್ನು ಅವರು ಎಡಗೈಯಲ್ಲಿ ತೆಗೆದುಕೊಳ್ಳುವವರಲ್ಲ. ತುಟಿ ಕಚ್ಚಿ ಬಲಗೈ ಎತ್ತಿದರು. ಅದು ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಉಳಿದಷ್ಟು ದೂರಕ್ಕೆ ಆ ಆರಡಿಯ ಮೈದುನ ಬಗ್ಗಿದರು.