ಕುಂಟುವ ಎತ್ತಿಗಿದ್ದ ಮರ್ಯಾದೆ

ಆಗ ನಮ್ಮ ರಾಯಬಾಗದ ಕಡೆ ಟ್ರ್ಯಾಕ್ಟರ್ ಬಂದಿದ್ದರೂ ಎತ್ತುಗಳು ಇನ್ನೂ ಹೋಗಿರಲಿಲ್ಲ. ಕಬ್ಬಿನ ಗಾಡಿಯ ಎತ್ತು ಕುಂಟಿದರೆ ಮನೆಮಂದಿಯೆಲ್ಲ ಹೌಹಾರುತ್ತಿದ್ದರು. ಅದಕ್ಕೆ ಬಿಸಿ ಎಣ್ಣೆ, ಬೆಲ್ಲ, ತಿಂಗಳ ಬಿಡುವು. ಹದಿನಾಲ್ಕು ವರ್ಷದ ನಾನು ಕುಂಟಿದರೆ ಮಾತ್ರ ಅದು ನಾಟಕ! ಈಗಲೂ ನೆನೆದರೆ ಮೈ ಉರಿಯುತ್ತದೆ.

ಶಾಲೆಯಲ್ಲಿ ನನ್ನಷ್ಟು ಜೋರಾಗಿ ಓಡುವವರಿರಲಿಲ್ಲ. ಆ ವರ್ಷ ಕಬ್ಬು ಕಡಿದ ಹೊಲದಲ್ಲಿ ಕೂಳೆ ಎಡವಿ ಬಲಗಾಲಿನ ಕೀಲು ಹೊರಳಿತು. ಬಾವು ಇಳಿಯುವ ಮೊದಲೇ ಆಟದ ಸರ್ ಓಡಿಸಿದರು. ಮತ್ತೆ ಅದೇ ಕೀಲು.

"ಏನೂ ಆಗಿಲ್ಲ, ನಡಿ. ನಾಟಕ ಮಾಡಬ್ಯಾಡ" ಎಂದರು. ಮನೆಯಲ್ಲಿ ಅಪ್ಪನೂ ಅದಕ್ಕೇ ಹೂಂಗುಟ್ಟಿದ.

ಅಲ್ಲಿಂದ ಬಲಗಾಲು ಊರಲು ಭಯ. ನನ್ನ ಕಾಲನ್ನೇ ನಾನು ನಂಬುತ್ತಿರಲಿಲ್ಲ. ಆಗಲೇ ನಮ್ಮ ಎತ್ತು ಸರ್ಜಾನೂ ಕುಂಟಿ ಕೊಟ್ಟಿಗೆಯಲ್ಲಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಅವನ ಮೇಲೆ ರೇಗಿದಳು.

"ಸರ್ಜಾಗ ತಿಂಗಳ ಕೊಟ್ಟಿ. ಹುಡುಗಿಗೆ ಎಂಟ್ ದಿನಾನೂ ಕೊಡಲಿಲ್ಲಲ್ಲೋ! ಇಕಿ ಕಾಲೇನ್ ಕಟ್ಟಿಗಿದೇನು?"

ಅಪ್ಪ ಸರ್ಜಾನ ಕಾಲಿಗೆ ಎಣ್ಣೆ ತಿಕ್ಕುತ್ತಲೇ ಇದ್ದ.

ಕುಂಟಿದ ಎತ್ತನ್ನು ಮತ್ತೆ ದುಡಿಮೆಗೆ ಹಚ್ಚುವ ಪದ್ಧತಿ ಆಯಿಗೆ ಗೊತ್ತಿತ್ತು. ಮೊದಲು ಉತ್ತ ಮಣ್ಣಿನಲ್ಲಿ ಬರಿದೇ ನಡಿಗೆ, ಆಮೇಲೆ ಖಾಲಿ ಗಾಡಿ, ಕೊನೆಗೆ ಹೇರು. ಸರ್ಜಾನ ಜೊತೆ ನನ್ನನ್ನೂ ಆ ಮಣ್ಣಿಗಿಳಿಸಿದಳು. ಬರಿಗಾಲಿಗೆ ತಂಪು ಮಣ್ಣು, ಗಾಣದ ಕಡೆಯಿಂದ ಕುದಿಯುವ ಕಬ್ಬಿನ ಹಾಲಿನ ವಾಸನೆ.

"ನೋಯಾಕತ್ತೈತೇನ ಬೇ?"

"ಇಲ್ಲ ಆಯಿ, ಹೆದರಿಕಿ ಬರಾಕತ್ತೈತಿ."

"ಹೆದರಿಕಿ ಆದ್ರ ನಾಕ್ ಹೆಜ್ಜಿ ಇಟ್ಟಮ್ಯಾಲ ಹೋಗತೈತಿ. ನೋವಾದ್ರ ಹೆಚ್ಚಾಗತೈತಿ. ನಡದ ನೋಡು."

ಹಾಗೆ ನಡೆದು ನೋಡಿ ನೋಡಿಯೇ ಎರಡು ತಿಂಗಳಲ್ಲಿ ಓಡಿದೆ. ತಾಲ್ಲೂಕಿನಲ್ಲಿ ನಾನ್ನೂರು ಮೀಟರ್ ಗೆದ್ದು ಜಿಲ್ಲೆಗೆ ಆಯ್ಕೆಯಾದೆ. ಓಟ ಮುಗಿದಾಗ ಕೀಲು ಚುಚ್ಚಿತು. ಹತ್ತು ಹೆಜ್ಜೆ ನಡೆದೆ, ಚುಚ್ಚುವುದು ಹೆಚ್ಚಾಯಿತು. ಅಷ್ಟರಲ್ಲಿ ಸರ್ ಬಂದರು.

"ರಿಲೇಕ್ಕ ಒಬ್ಬಾಕಿ ಕಡಿಮಿ ಅದಾಳ. ನೀ ಓಡು."

"ಆಗೂದಿಲ್ರಿ ಸರ್. ಕಾಲು ನೋಯಾಕತ್ತೈತ್ರಿ."

"ಮತ್ತ ನಾಟಕ? ಓಡದಿದ್ರ ಜಿಲ್ಲಾದ ಪಟ್ಟ್ಯಾಗಿಂದ ಹೆಸರ ಹೊಡದ ಹಾಕತೀನಿ ನೋಡು."

"ಹಾಕ್ರಿ" ಎಂದೆ.

ಹಾಕಿಯೇ ಬಿಟ್ಟರು. ನನ್ನ ಹಿಂದೆ ಬಂದವಳು ಜಿಲ್ಲೆಗೆ ಹೋದಳು. ಮರುವರ್ಷ ಹತ್ತನೇ ಇಯತ್ತೆ, ಮನೆಯಲ್ಲಿ ಓಟ ಬಂದ್ ಎಂದರು.

ಈಗ ಮೂವತ್ತು ದಾಟಿದೆ. ದಿನಾ ಬೆಳಿಗ್ಗೆ ಕಾಲುವೆ ರಸ್ತೆಯಲ್ಲಿ ಓಡುತ್ತೇನೆ. ಆ ಕೀಲು ಮತ್ತೆ ಹೊರಳಿಲ್ಲ. ಹೋದ ತಿಂಗಳು ಸಂತೆಯಲ್ಲಿ ಸಿಕ್ಕ ಸರ್, "ಇಕಿಗೆ ಓಡಾಕ ಕಲಿಸಿದಾವ ನಾನ" ಎಂದು ನಾಲ್ಕು ಮಂದಿಯ ಮುಂದೆ ನಕ್ಕರು.

"ಓಡಾಕ ಅಲ್ರಿ ಸರ್, ಕುಂಟಾಕ ಕಲಿಸಿದ್ರಿ" ಎಂದೆ.

ಅವರ ನಗು ನಿಂತಿತು. ಆದರೆ ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಎಷ್ಟು ವೇಗವಾಗಿ ಓಡಬಲ್ಲವಳಾಗಿದ್ದೆ ಎನ್ನುವುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ನನಗೂ.